ಉಸಿರಿನೊಡನೆ ಸರಿಯುವ ಗಡ್ಡೆ: ಜೂನ್ ತಿಂಗಳ ಲೆಕ್ಕ

ಮಡಿಕೇರಿ, ಜೂನ್ ಕೊನೆಯ ವಾರ

ಶ್ವಾಸಕೋಶದ ಗಡ್ಡೆಗೆ ವಿಕಿರಣ ಚಿಕಿತ್ಸೆ ಕೊಡುವಾಗ ಅದು ಉಸಿರಾಟದ ಜೊತೆ ಹೇಗೆ ಚಲಿಸುತ್ತದೆ ಎಂಬುದನ್ನು ಸಮೀಕರಣದಲ್ಲಿ ಹಿಡಿಯುವ ನನ್ನ ಬಿಡುವಿನ ಕೆಲಸ ಈ ತಿಂಗಳು ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬಂದಿದೆ. ಗಡ್ಡೆ ನನ್ನ ಕಂಪ್ಯೂಟರಿನೊಳಗಿನ ಒಂದು ಚುಕ್ಕೆ ಮಾತ್ರ, ಉಸಿರು ನನ್ನದೇ. ಅಂಗಾತ ಮಲಗಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಫೋನ್ ಇಟ್ಟುಕೊಂಡು, ಅದರ ಓರೆ ಬದಲಾಗುವುದನ್ನು ಸೆಕೆಂಡಿಗೆ 50 ಸಲ ದಾಖಲಿಸಿದ್ದೇನೆ.

ಮೊದಲು ಹೊಂದಿಸಿ ನೋಡಿದ್ದು ಲುಜನ್ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟ ಸೂತ್ರವನ್ನು. ಅದರಲ್ಲಿ ಗಡ್ಡೆಯ ಸ್ಥಾನ ಕೊಸೈನಿನ ಸಮಘಾತವೊಂದನ್ನು (ಎರಡು, ನಾಲ್ಕು, ಆರು ಹೀಗೆ ಸಮಸಂಖ್ಯೆಯ ಸಲ ಅದನ್ನು ಅದರಿಂದಲೇ ಗುಣಿಸಿದ್ದು) ಅನುಸರಿಸುತ್ತದೆ. ಘಾತ ಏರಿದಷ್ಟೂ ರೇಖೆ ಉಸಿರು ಹೊರಬಿಟ್ಟ ತುದಿಯಲ್ಲಿ ಹೆಚ್ಚು ಹೊತ್ತು ತಂಗುತ್ತದೆ. ನನ್ನ ದಾಖಲೆಗೆ ಆರನೆಯ ಘಾತ ಚೆನ್ನಾಗಿ ಕೂತಿತು. ಆರನೆಯ ಘಾತದ ಸರಾಸರಿ 5/16 ಆದ್ದರಿಂದ, 12 ಮಿ.ಮೀ. ಚಲಿಸುವ ಗಡ್ಡೆಯ ಸರಾಸರಿ ಸ್ಥಾನ ನಟ್ಟನಡುವೆ ಇರದೆ, ಹೊರಬಿಟ್ಟ ತುದಿಯಿಂದ ಕೇವಲ 3.75 ಮಿ.ಮೀ. ದೂರದಲ್ಲಿರುತ್ತದೆ. 12 ನಾನು ಊಹಿಸಿದ ಅಂಕಿಯಲ್ಲ: ಸೆಪ್ಪೆನ್‌ವೂಲ್ಡೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಎದೆಗೋಡೆಗಾಗಲಿ ಬೆನ್ನೆಲುಬಿಗಾಗಲಿ ಅಂಟಿಕೊಳ್ಳದ, ಶ್ವಾಸಕೋಶದ ಕೆಳಹಾಲೆಯ (ಕೆಳಗಿನ ಭಾಗದ) ಗಡ್ಡೆಗಳು ಮೇಲೆ ಕೆಳಗೆ ಸರಾಸರಿ ಅಷ್ಟೇ ಚಲಿಸಿದ್ದವು. ಗಡ್ಡೆಯ ಬಳಿ ಚಿನ್ನದ ಗುರುತು ನೆಟ್ಟು ಎಕ್ಸ್‌ರೇಯಲ್ಲಿ ಹಿಂಬಾಲಿಸಿ ಪಡೆದ ಅಳತೆಗಳವು.

ಅದೇ ಅಳತೆಗಳು ನನ್ನ ಖುಷಿಯನ್ನೂ ಕೆಡಿಸಿದವು. 21 ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು, ಉಸಿರು ಒಳಗೆಳೆಯುವಾಗ ಒಂದು ದಾರಿ, ಬಿಡುವಾಗ ಇನ್ನೊಂದು ದಾರಿ ಹಿಡಿದಿದ್ದವು. ಎರಡರ ನಡುವೆ 1ರಿಂದ 5 ಮಿ.ಮೀ. ಅಂತರವಿತ್ತು. ಹೊಟ್ಟೆಯ ಎತ್ತರವೊಂದನ್ನೇ ನೋಡಿ ಗಡ್ಡೆಯ ಜಾಗ ಹೇಳುವ ಯಾವ ಸೂತ್ರಕ್ಕೂ ಈ ಕುಣಿಕೆ ಕಾಣಿಸುವುದಿಲ್ಲ, ಏಕೆಂದರೆ ಒಂದೇ ಎತ್ತರಕ್ಕೆ ಎರಡು ಉತ್ತರಗಳಿವೆ.

ಹಾಗಾಗಿ ಡೇನಿಯಲ್ ಲೋ ತಂಡದ 2005ರ ಮಾದರಿಗೆ ಹೊರಳಿದೆ. ಅದು ಕಾಲವನ್ನು ನೇರವಾಗಿ ಕೇಳುವುದೇ ಇಲ್ಲ: ಒಳಗಿರುವ ಗಾಳಿಯ ಪರಿಮಾಣಕ್ಕೆ ಒಂದು ಸ್ಥಳಾಂತರ, ಗಾಳಿ ಹರಿಯುವ ದರಕ್ಕೆ ಇನ್ನೊಂದು ಸ್ಥಳಾಂತರ, ಎರಡನ್ನೂ ಕೂಡಿಸಿದರೆ ಸ್ಥಾನ. ಉಸಿರಿನ ಎರಡು ತುದಿಗಳಲ್ಲಿ ಹರಿವು ಸೊನ್ನೆಯಾಗಿ ದಾರಿಗಳು ಸೇರುತ್ತವೆ; ನಡುವೆ ಹರಿವಿನ ಚಿಹ್ನೆ ಬದಲಾಗಿ ಕುಣಿಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಮಾಡುವ ಸೂತ್ರ ನನಗೆ ಬಹಳ ಹಿಡಿಸಿತು. ಮಧ್ಯೆ ಕೆಮ್ಮಿದ ದಾಖಲೆಯಲ್ಲಿ ಲುಜನ್ ರೇಖೆ ತಾಳ ತಪ್ಪಿ ಹಾಗೆಯೇ ಮುಂದುವರಿದರೆ, ಇದು ಮುಂದಿನ ಉಸಿರಿಗೇ ಸರಿದಾರಿಗೆ ಬಂತು.

ತೊಡಕಿರುವುದು ಹರಿವನ್ನು ಅಳೆಯುವುದರಲ್ಲಿ. ಮೂಗಿನ ಬಳಿ ಮೈಕ್ ಇಟ್ಟು ಉಸಿರಿನ ಸದ್ದಿನಿಂದ ಅಳೆಯಲು ಹೋದೆ. ತಗಡಿನ ಮಾಡಿನ ಮೇಲೆ ಮೂರು ದಿನದಿಂದ ಬಿಡದೆ ಸುರಿಯುತ್ತಿರುವ ಮಳೆಯ ಹೊರತು ಕಡತದಲ್ಲಿ ಬೇರೇನೂ ಇರಲಿಲ್ಲ. ಫೋನಿನ ರೇಖೆಯ ಇಳಿಜಾರನ್ನೇ ಹರಿವೆಂದು ಬಳಸಿದರೆ ಸಣ್ಣ ನಡುಕಗಳೆಲ್ಲ ದೊಡ್ಡದಾದವು. ನಡುಕ ಅಡಗಿಸಲು ಹಿಂದಿನ ಅರ್ಧ ಸೆಕೆಂಡಿನ ಸರಾಸರಿ ತೆಗೆದುಕೊಂಡರೆ ರೇಖೆ ಕಾಲು ಸೆಕೆಂಡು ತಡವಾಗುತ್ತದೆ. ನಾಲ್ಕು ಸೆಕೆಂಡಿನ ಉಸಿರಿನಲ್ಲಿ, 12 ಮಿ.ಮೀ. ಚಲನೆಗೆ, ಆರನೆಯ ಘಾತದ ಗರಿಷ್ಠ ವೇಗ ಸೆಕೆಂಡಿಗೆ 14 ಮಿ.ಮೀ. ದಾಟುವುದರಿಂದ, ಈ ಪುಟ್ಟ ತಡದ ಬೆಲೆ ಮೂರೂವರೆ ಮಿ.ಮೀ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ 2006ರ ವರದಿ, ಚಿಕಿತ್ಸೆಯ ವೇಳೆ ಗಡ್ಡೆಯ ಚಲನೆ 5 ಮಿ.ಮೀ. ಮೀರಿದರೇ ಅದನ್ನು ನಿಭಾಯಿಸುವ ಕ್ರಮ ಬೇಕೆನ್ನುತ್ತದೆ. ಆ ಲೆಕ್ಕದಲ್ಲಿ ನನ್ನ ತಪ್ಪು ಚಿಕ್ಕದಲ್ಲ.

ಈಗ ಮೂಗಿನ ಹೊಳ್ಳೆಯ ಬಳಿ ಕೂರುವ ಥರ್ಮಿಸ್ಟರ್ (ಬಿಸಿಯ ಏರಿಳಿತ ಗುರುತಿಸುವ ಪುಟ್ಟ ಬಿಡಿಭಾಗ) ಒಂದನ್ನು ಬೆಸುಗೆ ಹಾಕಿದ್ದೇನೆ. ಹೊರಬಿಡುವ ಉಸಿರು ಬೆಚ್ಚಗೆ, ಕೋಣೆಯ ಗಾಳಿ ಈ ಮಳೆಗೆ 20 ಡಿಗ್ರಿಯ ಆಸುಪಾಸು. ಮೈಕನ್ನು ಕೆಡಿಸಿದ ಮಳೆಯೇ ಇಲ್ಲಿ ವ್ಯತ್ಯಾಸವನ್ನು ಎದ್ದು ಕಾಣಿಸುತ್ತದೆ. ಅದು ಹರಿವಿನ ದಿಕ್ಕನ್ನು ಖಚಿತವಾಗಿ ಹೇಳಬಹುದು, ದರವನ್ನು ಅಷ್ಟಾಗಿ ಅಲ್ಲ. ನಿನ್ನೆ ಸಂಜೆ ಹೋದ ಕರೆಂಟು ಬಂದ ಕೂಡಲೆ ಮೊದಲ ದಾಖಲೆ ತೆಗೆಯುತ್ತೇನೆ.