ಸೊಟ್ಟ ಕೊಡೆ
ತೀರ್ಥಹಳ್ಳಿ ಕಡೆಯ ನಮ್ಮ ಶಾಲೆಯಲ್ಲಿ ಮೂರು ದಿನದಿಂದ ಬಿಡದ ಮಳೆ. ನಲಿ-ಕಲಿ ಕೋಣೆಯಲ್ಲಿ 1ರಿಂದ 3ನೇ ತರಗತಿಯವರೆಲ್ಲ ಒಟ್ಟಿಗೆ ಕೂರುವುದರಿಂದ ಜಗಳಕ್ಕೂ ಬರವಿಲ್ಲ. ಇಂದು ಒಬ್ಬ ಹುಡುಗ ಪಕ್ಕದವಳ ಕೊಡೆಯ ಕಡ್ಡಿ ಮುರಿದ. "ತಪ್ಪಾಯಿತು ಎನ್ನು" ಎಂದು ಗದರಿದೆ. ಗಿಳಿಪಾಠ ಒಪ್ಪಿಸಿದ, ಅವಳ ಅಳು ನಿಲ್ಲಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಮಾಜಿಕ-ಭಾವನಾತ್ಮಕ ಕಲಿಕೆಯ, ಅಂದರೆ ತನ್ನ ಮತ್ತು ಇತರರ ಭಾವನೆ ಅರಿತು ನಡೆಯಲು ಕಲಿಯುವ, ಮಾತನ್ನೂ ಆಡುತ್ತದೆ. ತರಬೇತಿಯಲ್ಲಿ ನಾನೂ ಟಿಪ್ಪಣಿ ಬರೆದುಕೊಂಡವಳೇ (ಕಡತ ಬಹಳ ಅಚ್ಚುಕಟ್ಟಾಗಿದೆ!).

ಕೊನೆಗೆ ಒಂದನೇ ತರಗತಿಯ ಪುಟ್ಟಿಯೊಬ್ಬಳು ಅವನ ಪಕ್ಕ ಕುಳಿತು, "ನಿನಗೆ ಯಾಕೆ ಸಿಟ್ಟು ಬಂತು?" ಎಂದು ಕೇಳಿದಳು. ನಾನು ಕೇಳಬೇಕಿದ್ದ ಪ್ರಶ್ನೆ. ಬೆಳಿಗ್ಗೆ ಸಂಕ (ಕಾಲುಸೇತುವೆ) ದಾಟುವಾಗ ಅವನ ಹೊಸ ಕೊಡೆ ಹಳ್ಳದ ಪಾಲಾಗಿತ್ತಂತೆ.

ಸಂಜೆ ಅವನೂ ಕೊಡೆಯ ಒಡತಿಯೂ ಅದೇ ಸೊಟ್ಟ ಕೊಡೆಯಡಿ, ಅರ್ಧರ್ಧ ನೆನೆಯುತ್ತಾ, ಗೇಟು ದಾಟಿದರು.