ಅಮ್ಮ ಗುರುತಿಟ್ಟ ಕೀರ್ತನೆ

ಅಮ್ಮನನ್ನು ಬೀದರಿನ ಆಸ್ಪತ್ರೆಗೆ ಸೇರಿಸಿ ಇಂದಿಗೆ ಹನ್ನೊಂದು ದಿನಗಳಾದವು. ರಾತ್ರಿ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಅವಳದೇ ಸತ್ಯವೇದವನ್ನು (ಬೈಬಲನ್ನು) ತೆರೆದಾಗ, ಪುಟಗಳ ಅಂಚು ಅವಳ ಬೆರಳು ತಾಗಿ ತಾಗಿ ಬಟ್ಟೆಯಂತೆ ಮೆತ್ತಗಾಗಿರುವುದನ್ನೂ, 88ನೆಯ ಕೀರ್ತನೆಯ ಬಳಿ ಹಳೆಯ ಬಸ್ ಟಿಕೆಟ್ ಒಂದನ್ನು ಗುರುತಿಗಾಗಿ ಇಟ್ಟಿರುವುದನ್ನೂ ಕಂಡೆ. 150 ಕೀರ್ತನೆಗಳಲ್ಲಿ ಇದನ್ನೇ ಏಕೆ ಆರಿಸಿಕೊಂಡಳೋ! ದುಃಖದಿಂದ ಆರಂಭವಾಗುವ ಬಹುತೇಕ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆಗೆ ತಿರುಗುತ್ತವೆ. ಇದರ 18 ವಚನಗಳು ಮಾತ್ರ ಕತ್ತಲೆಯಲ್ಲಿಯೇ ಮುಗಿಯುತ್ತವೆ. ಆದರೂ ಬರೆದವನು ಹಗಲಿರುಳು ಮೊರೆಯಿಡುವುದು ದೇವರಿಗೇ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ಮೂರು ಸಲ ಬೇಡಿಕೊಂಡರಲ್ಲವೇ? ವಿಶ್ವಾಸವೆಂದರೆ ಧೈರ್ಯದ ಮುಖ ಹೊತ್ತು ನಿಲ್ಲುವುದೆಂದು ಇಷ್ಟು ದಿನ ತಿಳಿದಿದ್ದ ನನಗೆ, ಅಳುತ್ತ ಮಾಡುವ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂಬುದು ಈ ಬೆಂಚಿನ ಮೇಲೆ ಮನದಟ್ಟಾಯಿತು.

ಭಾನುವಾರ ಆರಾಧನೆ ಮುಗಿಸಿಕೊಂಡು ಮಂಗಲಪೇಟೆಯಿಂದ ಬಂದ ಸಭೆಯ ಹಿರಿಯರೊಬ್ಬರು ಜೋಳದ ರೊಟ್ಟಿ, ಪುಂಡಿಪಲ್ಯದ ಡಬ್ಬಿಯನ್ನು ನನ್ನ ಕೈಗಿತ್ತು, ಹೆಚ್ಚೇನೂ ಮಾತನಾಡದೆ ಅಮ್ಮನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆ ಹೊತ್ತು ಅಮ್ಮನ ತುಟಿಗಳೂ ಮೆಲ್ಲಗೆ ಅಲುಗಿದವು.

ನಾಳೆ ಮತ್ತೊಂದು ಸ್ಕ್ಯಾನ್ ಇದೆ. ದಯವಿಟ್ಟು ನಿಮ್ಮ ಪ್ರಾರ್ಥನೆಯಲ್ಲಿ ಅವಳನ್ನೂ ನೆನೆಯಿರಿ.