ಒಂಬತ್ತು ಇಂಚು

ನಮ್ಮ ಬಚ್ಚಲಿನ ಕಮೋಡ್ ಗುಲಾಬಿ ಬಣ್ಣದ್ದಾಗಿತ್ತು. 1998ರಲ್ಲಿ ಬೆಂಗಳೂರಿನ ವಿಜಯನಗರದ ಈ ಮನೆ ಕಟ್ಟಿಸುವಾಗ ಅಪ್ಪ ಆಸೆಪಟ್ಟು ಹಾಕಿಸಿದ್ದು. ವಾಷ್ ಬೇಸಿನ್ನೂ ಅದೇ ಗುಲಾಬಿ. ಆಗ ಹಾಗೆ ಜೋಡಿ ಮಾಡಿ ತರುವುದು ಒಂದು ಗತ್ತು. ಕಳೆದ ವರ್ಷ ಕಮೋಡಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಎಂ-ಸೀಲ್ ಮೆತ್ತಿದೆ. ಒಂದು ತಿಂಗಳು ಸುಮ್ಮನಿತ್ತು. ಆಮೇಲೆ ಆಚೆ ಬದಿಯ ಹಾಲ್ ಗೋಡೆಯಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬತೊಡಗಿತು.

ಪ್ಲಂಬರ್ ಬಂದು ನೋಡಿ, 'ಇದಕ್ಕೆ ಮುಲಾಮು ಹಚ್ಚಿದ್ದು ಸಾಕು ಸಾರ್, ಬದಲಾಯಿಸಿ' ಅಂದ. ಹೊಸದು ಬಿಳಿ ತರೋಣ ಅಂದುಕೊಂಡೆವು. ಅಮ್ಮ ತಕರಾರು ತೆಗೆದಳು. 'ಕಮೋಡ್ ಬಿಳಿ, ಬೇಸಿನ್ ಗುಲಾಬಿ. ನೋಡಿದವರು ಏನಂದಾರು?' ನಮ್ಮ ಬಚ್ಚಲನ್ನು ಯಾರು ನೋಡುತ್ತಾರೋ ಗೊತ್ತಿಲ್ಲ. ಅಂತೂ ಚೆನ್ನಾಗೇ ಇದ್ದ ಬೇಸಿನ್ನೂ ಪಟ್ಟಿಗೆ ಸೇರಿತು. ಎಲ್ಲ ಸೇರಿ 15,000 ರೂಪಾಯಿ ಅಂತ ಲೆಕ್ಕ ಹಾಕಿದೆ.

ಸಿದ್ದಯ್ಯ ರಸ್ತೆಗೆ ಹೋದೆ. ಅಲ್ಲಿ ಸಾಲಾಗಿ ಟೈಲ್ಸ್, ಸ್ಯಾನಿಟರಿ ಅಂಗಡಿಗಳು. ಅಂಗಡಿಯವರು 'ಎಸ್ ಟ್ರ್ಯಾಪಾ, ಪಿ ಟ್ರ್ಯಾಪಾ' ಅಂತ ಕೇಳಿದರು. ಅಷ್ಟು ನನಗೆ ಗೊತ್ತಿತ್ತು. ಕೊಳೆ ನೀರು ಹೋಗುವ ತೂತು ನೆಲದಲ್ಲಿದ್ದರೆ ಎಸ್, ಗೋಡೆಯಲ್ಲಿದ್ದರೆ ಪಿ. ಜಂಬದಿಂದ 'ಎಸ್' ಅಂದೆ. ಟ್ಯಾಂಕು, ಸೀಟು, 18% ಜಿಎಸ್‌ಟಿ ಎಲ್ಲ ಸೇರಿ ಕಮೋಡಿಗೆ 7,800. ಬೇಸಿನ್ನಿಗೆ 2,900. ಗೂಡ್ಸ್ ಆಟೋಗೆ 600. ಇನ್ನೂ ದುಡ್ಡು ಉಳಿದಿದೆಯಲ್ಲ ಅಂತ ದಾರಿಯಲ್ಲಿ ಕಾಫಿ, ಖಾರಾಬಾತ್ ಬೇರೆ ಆಯಿತು.

ಮರುದಿನ ಬೆಳಿಗ್ಗೆ ಹಳೆಯದನ್ನು ಎಬ್ಬಿಸಲು ಕೂತರು. ಅದು ಏಳಲಿಲ್ಲ. ಸಿಮೆಂಟಿನಲ್ಲಿ ಹೂತು ಕೂರಿಸಿದ್ದರು. ಕೊನೆಗೆ ಸುತ್ತಿಗೆಯಲ್ಲಿ ಒಡೆದೇ ತೆಗೆಯಬೇಕಾಯಿತು. ಅದರ ಜೊತೆ ಸುತ್ತಲಿನ ಐದು ಟೈಲ್ಸೂ ಹೋದವು. ಪ್ಲಂಬರ್ ಟೇಪ್ ಹಿಡಿದ. ಗೋಡೆಯಿಂದ ತೂತಿನ ಮಧ್ಯಕ್ಕೆ 9 ಇಂಚು. ನಾನು ತಂದದ್ದು 12 ಇಂಚಿನದು. ಅದನ್ನು ತೂತಿನ ಮೇಲೆ ಕೂರಿಸಬೇಕಾದರೆ ಟ್ಯಾಂಕು ಗೋಡೆಯೊಳಗೆ 3 ಇಂಚು ಹೋಗಬೇಕು! ಡಬ್ಬದ ಮೇಲೆ 300 ಎಂಎಂ, ಅಂದರೆ ಅದೇ 12 ಇಂಚು, ಅಂತ ದೊಡ್ಡದಾಗೇ ಬರೆದಿತ್ತು. ಅದು ಕಮೋಡಿನ ಎತ್ತರ ಇರಬೇಕು ಅಂದುಕೊಂಡಿದ್ದೆ.

ಮನೆಯಲ್ಲಿರುವುದು ಒಂದೇ ಕಮೋಡ್. ಅದೀಗ ಚೂರುಚೂರಾಗಿ ಅಂಗಳದಲ್ಲಿದೆ. ಅಮ್ಮನನ್ನು ತುಮಕೂರಿನ ಅಕ್ಕನ ಮನೆಗೆ ಬಸ್ ಹತ್ತಿಸಿ, ನಾನು ಮತ್ತೆ ಅಂಗಡಿಗೆ ಓಡಿದೆ. ಡಬ್ಬ ಬಿಚ್ಚಿದ್ದಕ್ಕೆ 700 ಹಿಡಿದುಕೊಂಡು 9 ಇಂಚಿನದು ಕೊಟ್ಟರು. ಜಗಳ ಆಡುವ ಮುಖ ನನಗಿರಲಿಲ್ಲ.

ಅಷ್ಟರಲ್ಲಿ ನೆಲದಿಂದ ಇನ್ನೊಂದು ಸುದ್ದಿ ಬಂದಿತ್ತು. ಕೆಳಗಿನ ಪೈಪಿನ ಕಾಲರ್ ಸೀಳಿದೆ. ಗೋಡೆಗೆ ನೀರು ಹೋಗುತ್ತಿದ್ದದ್ದು ಹೆಚ್ಚಾಗಿ ಅಲ್ಲಿಂದಲೇ. ಅಂದರೆ ಕಮೋಡ್ ಒಂದನ್ನೇ ಬದಲಾಯಿಸಿದ್ದರೂ ಹಾಲ್ ಗೋಡೆ ಉಬ್ಬುತ್ತಲೇ ಇರುತ್ತಿತ್ತು. ನೆಲ ಅಗೆದು, ಪೈಪ್ ತುಂಡು ಬದಲಿಸಿ, ವಾಟರ್‌ಪ್ರೂಫಿಂಗ್ ಬಳಿದು ಮುಚ್ಚಬೇಕು. ಗಾರೆಯವರು ಬಂದರು. ಪ್ಲಂಬರ್ ಅರ್ಧ ಗಂಟೆಗೊಮ್ಮೆ ನನ್ನನ್ನು ಹಾರ್ಡ್‌ವೇರ್ ಅಂಗಡಿಗೆ ಅಟ್ಟುತ್ತಿದ್ದ. ಆಂಗಲ್ ಕಾಕ್, ಕನೆಕ್ಷನ್ ಪೈಪ್, ಬೇಸಿನ್ನಿನ ವೇಸ್ಟ್ ಕಪ್ಲಿಂಗ್, ಬಾಟಲ್ ಟ್ರ್ಯಾಪ್, ನಲ್ಲಿ, ಹೆಲ್ತ್ ಫಾಸೆಟ್. ಕೈಚೀಲದಲ್ಲಿ ಹಿಡಿಸುವ ಈ ಚಿಲ್ಲರೆ ಸಾಮಾನಿಗೇ 4,350 ಆಯಿತು. ಬೇಸಿನ್ನಿಗಿಂತ ಜಾಸ್ತಿ, ಅಲ್ವಾ?

ಎರಡು ದಿನ ಕೆಲಸ ನಡೆಯಿತು. ಬಿಳಿ ಸಿಮೆಂಟ್ ಒಣಗಲಿ, ಇನ್ನೂ ಒಂದು ದಿನ ಮುಟ್ಟಬೇಡಿ ಅಂದರು. ಆ ಮೂರು ದಿನ ನಾನು ಪಕ್ಕದ ಮನೆಯವರಿಗೆ ಹೇಳಿದಷ್ಟು ಗುಡ್ ಮಾರ್ನಿಂಗ್ ಜೀವಮಾನದಲ್ಲಿ ಹೇಳಿರಲಿಲ್ಲ.

ರಾತ್ರಿ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಬರೆದೆ. ಪ್ಲಂಬರಿಗೆ 5,500. ಗಾರೆಯವರಿಗೆ 4,400. ಪೈಪು, ಮರಳು, ಸಿಮೆಂಟು, ಟೈಲ್ಸಿಗೆ 5,150. ಒಡೆದ ಚೂರು ಸಾಗಿಸಲು 900. ಎಲ್ಲ ಸೇರಿ 32,300. ಕಮೋಡ್, ಬೇಸಿನ್ ಎರಡರ ಬೆಲೆ ಅದರಲ್ಲಿ ಮೂರನೇ ಒಂದು ಪಾಲು, ಅಷ್ಟೆ. ಒಂದು ಸಮಾಧಾನ ಅಂದರೆ ಹಳೆ ಟ್ಯಾಂಕು ಒಂದು ಸಲಕ್ಕೆ 10 ಲೀಟರ್ ನೀರು ಸುರಿಯುತ್ತಿತ್ತು. ಹೊಸದಕ್ಕೆ ಎರಡು ಗುಂಡಿ. ಚಿಕ್ಕದು ಒತ್ತಿದರೆ 3 ಲೀಟರ್, ದೊಡ್ಡದಕ್ಕೆ 6. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವವರಿಗೆ ಅದೇನು ಸಣ್ಣ ಮಾತಲ್ಲ.

ನಾಲ್ಕನೇ ದಿನ ಅಮ್ಮ ಬಂದಳು. ಬ್ಯಾಗ್ ಇಟ್ಟವಳೇ ಬಚ್ಚಲಿಗೆ ಹೋದಳು. ಇಪ್ಪತ್ತೇಳು ವರ್ಷದ ಹಿಂದಿನ ಟೈಲ್ಸ್ ಎಲ್ಲೂ ಸಿಕ್ಕಿರಲಿಲ್ಲ. ಹತ್ತಿರ ಹತ್ತಿರ ಬಣ್ಣದ್ದನ್ನು ಹಾಕಿಸಿದ್ದೆ. ನಾನು ಬಿಲ್ ಹಿಡಿದು ಹೊರಗೆ ಕಾಯುತ್ತಾ ನಿಂತಿದ್ದೆ. ಒಳಗಿಂದ ದೊಡ್ಡ ಗುಂಡಿ ಒತ್ತಿದ ಸದ್ದು ಬಂತು. ಹಿಂದೆಯೇ ಅವಳ ದನಿ: 'ಈ ಐದು ಟೈಲ್ಸ್ ಯಾಕೋ ಬೇರೆ ಬಣ್ಣ? ಮಿಕ್ಕಿದ್ದನ್ನೂ ತೆಗೆಸಿಬಿಡೋಣ್ವಾ?'